ಹೇಳಿದ ಬೆಲೆಯೂ ತೆತ್ತ ಬೆಲೆಯೂ

ಅಂಗಡಿಯಲ್ಲಿ ಕೇಳಿದ ಬೆಲೆ ಒಂದು, ಮನೆಗೆ ಬಂದು ಲೆಕ್ಕ ಬರೆಯುವಾಗ ಕಂಡ ಬೆಲೆ ಮತ್ತೊಂದು—ಈ ಅನುಭವವು ಗೃಹಸ್ಥರಾದವರೆಲ್ಲರಿಗೂ ಉಂಟಾಗಿಯೇ ಇರುವುದು. ಪದಾರ್ಥದ ಬೆಲೆಯನ್ನು ಮೊದಲು ಕಡಮೆಯಾಗಿ ಹೇಳಿ, ಕೊಳ್ಳುವವನು ಮನಸ್ಸು ಮಾಡಿದ ಬಳಿಕ ಕಟ್ಟುವ ಕೂಲಿ, ಸಾಗಿಸುವ ಕೂಲಿ, ತೆರಿಗೆ, ಸೇವೆಯ ಶುಲ್ಕ ಎಂದು ಒಂದೊಂದನ್ನಾಗಿ ಸೇರಿಸುತ್ತ ಹೋಗುವುದು ಈಚಿನ ಕಾಲದ ಯುಕ್ತಿಯೆಂದು ಅನೇಕರು ತಿಳಿದಿರುತ್ತಾರೆ. ವಾಸ್ತವವಾಗಿ ಈ ಯುಕ್ತಿಯೂ ಹಳೆಯದು. ಇದಕ್ಕೆ ನಮ್ಮ ಪೂರ್ವಿಕರು ಕಂಡುಕೊಂಡ ಪರಿಹಾರವೂ ಹಳೆಯದು. ಆ ಪರಿಹಾರವು ಕರ್ಣಾಟಕದ ನೆಲದಲ್ಲಿಯೇ ಸುಮಾರು ಒಂಬತ್ತು ನೂರು ವರ್ಷಗಳ ಹಿಂದೆ ಸ್ಪಷ್ಟವಾದ ಮಾತುಗಳಲ್ಲಿ ಬರೆಯಲ್ಪಟ್ಟಿತೆಂಬುದನ್ನೂ, ಅದೇ ತತ್ತ್ವವು ನಮ್ಮ ಕಾಲದಲ್ಲಿ ಮತ್ತೆ ಕಾನೂನಿನ ರೂಪದಿಂದ ಬಂದಿತೆಂಬುದನ್ನೂ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶವು.

ಮೊದಲು ಈ ವಿಷಯವು ನನ್ನ ಮನಸ್ಸಿನಲ್ಲಿ ನಾಟಿದ ಬಗೆಯನ್ನು ಅರಿಕೆಮಾಡಿಕೊಳ್ಳುವೆನು. ಅದು ೧೯೮೬ನೆಯ ಇಸವಿ. ಪಾಠಶಾಲೆಯ ವ್ಯಾಸಂಗವನ್ನು ಮುಗಿಸಿ, ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ ಸಂಸ್ಕೃತದ ಉಪಾಧ್ಯಾಯನಾಗಿ ಸೇರಿ ನನಗೆ ಹೆಚ್ಚು ಕಾಲವಾಗಿರಲಿಲ್ಲ. ಮೊದಲನೆಯ ಮಗುವಿಗೆ ಹಾಲಿನ ಪುಡಿಯ ಡಬ್ಬಿಯೊಂದು ಬೇಕಾಗಿ ತಾಲ್ಲೂಕಿನ ಪೇಟೆಗೆ ಹೋಗಿದ್ದೆನು. ಡಬ್ಬಿಯ ಮೇಲೆ ಅಚ್ಚಾಗುತ್ತಿದ್ದ ಬೆಲೆಯು ನನಗೆ ತಿಳಿದಿದ್ದುದರಿಂದ ಅಷ್ಟು ಹಣವನ್ನೂ, ಹಿಂದಿರುಗಲು ಬೇಕಾದ ಬಸ್ಸಿನ ಚಾರ್ಜನ್ನೂ ಎಣಿಸಿ ಜೇಬಿಗೆ ಹಾಕಿಕೊಂಡಿದ್ದೆನು. ತಿಂಗಳ ಕೊನೆಯಾದಕಾರಣ ಮನೆಯಲ್ಲಿ ಅದಕ್ಕಿಂತ ಹೆಚ್ಚು ಇರಲಿಲ್ಲ. ಅಂಗಡಿಯವರು ಡಬ್ಬಿಯನ್ನು ಕಾಗದದಲ್ಲಿ ಸುತ್ತಿ, ದಾರ ಕಟ್ಟಿ, ಕೈಗೆ ಕೊಡುವ ಮುನ್ನ, “ಟ್ಯಾಕ್ಸು ಬೇರೆ ಆಗುತ್ತೆ, ಮೇಷ್ಟ್ರೇ” ಎಂದರು. ನಾನು ಬೆಲೆ ಅಚ್ಚಾಗಿದೆಯಲ್ಲ ಎಂದೆನು. ಅವರು ಕಾಗದವನ್ನು ಬಿಚ್ಚಿ ತೋರಿಸಿದರು. ಬೆಲೆಯ ಪಕ್ಕದಲ್ಲಿ, ಸ್ಥಳೀಯ ತೆರಿಗೆಗಳು ಪ್ರತ್ಯೇಕವೆಂಬ ಮಾತು ಸಾಸುವೆಯಷ್ಟು ಸಣ್ಣ ಅಕ್ಷರಗಳಲ್ಲಿ ಇದ್ದಿತು. ನನ್ನ ಹಿಂದೆ ನಾಲ್ಕಾರು ಮಂದಿ ನಿಂತಿದ್ದರು. ಬೇಡವೆನ್ನುವುದಕ್ಕೆ ನಾಚಿಕೆ ಒಂದು ಕಡೆ, ಮಗುವಿನ ಹಸಿವು ಮತ್ತೊಂದು ಕಡೆ. ಬಸ್ಸಿನ ಚಾರ್ಜನ್ನು ಅಲ್ಲಿಯೇ ತೆತ್ತು, ಡಬ್ಬಿಯನ್ನು ಕಂಕುಳಲ್ಲಿಟ್ಟುಕೊಂಡು ಎರಡು ಹರದಾರಿಯ ದಾರಿಯನ್ನು ನಡೆದು ಊರು ಸೇರುವ ವೇಳೆಗೆ ಕತ್ತಲಾಗಿತ್ತು.

ಆ ಅಂಗಡಿಯವರು ಅನ್ಯಾಯಗಾರರಲ್ಲ. ಅವರು ಕೇಳಿದುದು ಆಗಿನ ಕಾನೂನಿಗೆ ವಿರುದ್ಧವೂ ಆಗಿರಲಿಲ್ಲ. ತೆರಿಗೆಯು ಸರ್ಕಾರಕ್ಕೆ ಸಲ್ಲತಕ್ಕ ಹಣ. ಅದನ್ನು ಅವರು ಕೈಯಿಂದ ಕೊಡಬೇಕೆಂದು ಯಾರೂ ಹೇಳಲಾರರು. ಹಾಗಾದರೆ ತಪ್ಪು ಎಲ್ಲಿದ್ದಿತು? ಈ ಪ್ರಶ್ನೆಯನ್ನು ಆ ಸಂಜೆ ದಾರಿಯುದ್ದಕ್ಕೂ ಹೊತ್ತು ನಡೆದೆನು. ಉತ್ತರವು ಬಹುಕಾಲದ ಮೇಲೆ ಗ್ರಂಥಾವಲೋಕನದಿಂದ ದೊರೆಯಿತು.

ಭಾರತೀಯರ ಕ್ರಯವಿಕ್ರಯ ನಿಯಮಗಳನ್ನು ವಿಚಾರಿಸಹೊರಡುವವರು ಮೊದಲು ನೋಡತಕ್ಕದ್ದು ಕೌಟಿಲ್ಯನ ಅರ್ಥಶಾಸ್ತ್ರವನ್ನು. ಶತಮಾನಗಳ ಕಾಲ ಹೆಸರು ಮಾತ್ರವಾಗಿ ಉಳಿದಿದ್ದ ಈ ಗ್ರಂಥವನ್ನು ಲೋಕಕ್ಕೆ ಮರಳಿ ದೊರಕಿಸಿಕೊಟ್ಟವರು ಮೈಸೂರಿನ ಪ್ರಾಚ್ಯಪುಸ್ತಕಭಂಡಾರದಲ್ಲಿದ್ದ ರುದ್ರಪಟ್ಟಣದ ಶಾಮಶಾಸ್ತ್ರಿಗಳೆಂಬುದು ಕನ್ನಡಿಗರಿಗೆ ಹೆಮ್ಮೆಯ ವಿಷಯವಾಗಿದೆ. ತಾಳೆಯ ಗರಿಯ ಪ್ರತಿಯಿಂದ ಅವರು ಮೂಲವನ್ನು ೧೯೦೯ರಲ್ಲಿಯೂ, ಇಂಗ್ಲಿಷು ಭಾಷಾಂತರವನ್ನು ೧೯೧೫ರಲ್ಲಿಯೂ ಪ್ರಕಟಿಸಿದರು. ಗ್ರಂಥದ ಕಾಲದ ವಿಷಯದಲ್ಲಿ ವಿದ್ವಾಂಸರಲ್ಲಿ ಮತಭೇದವುಂಟು. ಪ್ರಕೃತ ವಿಚಾರಕ್ಕೆ ಅದರಿಂದ ಬಾಧಕವೇನೂ ಇಲ್ಲ.

ಅರ್ಥಶಾಸ್ತ್ರದ ಎರಡನೆಯ ಅಧಿಕರಣದಲ್ಲಿ ಶುಲ್ಕಾಧ್ಯಕ್ಷನ ಕಾರ್ಯಗಳನ್ನು ಹೇಳಿರುತ್ತದೆ. ನಗರದ ಮಹಾದ್ವಾರದ ಬಳಿಯಲ್ಲಿ ಶುಲ್ಕಶಾಲೆಯನ್ನು ಕಟ್ಟಿಸಿ ಅಲ್ಲಿ ಧ್ವಜವನ್ನು ನಿಲ್ಲಿಸಬೇಕು. ಸರಕನ್ನು ತಂದ ವ್ಯಾಪಾರಿಗಳು ಯಾರು, ಎಲ್ಲಿಂದ ಬಂದವರು, ಎಷ್ಟು ಸರಕನ್ನು ತಂದಿರುವರು ಎಂಬುದನ್ನು ಬರೆದುಕೊಳ್ಳಬೇಕು. ಬಳಿಕ ವ್ಯಾಪಾರಿಯು ಧ್ವಜದ ಬುಡದಲ್ಲಿ ನಿಂತು, ತನ್ನ ಸರಕಿನ ಪ್ರಮಾಣವಿಷ್ಟು, ಬೆಲೆಯಿಷ್ಟು, ಕೊಳ್ಳುವವರಾರು ಎಂದು ಮೂರು ಬಾರಿ ಕೂಗಿ ಹೇಳಬೇಕು. ಸುಂಕದ ಭಯದಿಂದ ಪ್ರಮಾಣವನ್ನಾಗಲಿ ಬೆಲೆಯನ್ನಾಗಲಿ ಕಡಮೆ ಹೇಳಿದವನಿಂದ ಆ ಹೆಚ್ಚಿನ ಭಾಗವನ್ನು ರಾಜನು ತೆಗೆದುಕೊಳ್ಳುವನು. ಈ ವ್ಯವಸ್ಥೆಯ ಮುಖ್ಯ ಗುರಿಯು ಬೊಕ್ಕಸವೇ ಹೊರತು ಕೊಳ್ಳುವವನ ಹಿತವಲ್ಲವೆಂದು ಒಪ್ಪಲೇಬೇಕು. ಆದರೂ ಅದರಿಂದ ಕೊಳ್ಳುವವನಿಗೆ ಒಂದು ಪ್ರಯೋಜನವು ತಾನಾಗಿಯೇ ಉಂಟಾಗುತ್ತಿತ್ತು. ಹತ್ತು ಜನರ ಎದುರಿನಲ್ಲಿ ಮೂರು ಸಲ ಕೂಗಿ ಹೇಳಿದ ಬೆಲೆಯ ಮೇಲೆ ಆಮೇಲೆ ಮೆಲ್ಲನೆ ಇನ್ನೊಂದನ್ನು ಸೇರಿಸುವುದು ಸುಲಭವಲ್ಲ.

ಅದೇ ಅಧಿಕರಣದಲ್ಲಿ ತೂಕ ಅಳತೆಗಳ ಪ್ರಕರಣವಿದೆ. ತೂಕದ ಬಟ್ಟುಗಳನ್ನು ಕಬ್ಬಿಣದಿಂದಲೋ, ಮಗಧ ಮೇಕಲ ದೇಶಗಳ ಕಲ್ಲಿನಿಂದಲೋ, ನೀರಿನಿಂದ ಹಿಗ್ಗದ ಮತ್ತು ಬಿಸಿಯಿಂದ ಕುಗ್ಗದ ಬೇರೆ ಪದಾರ್ಥದಿಂದಲೋ ಮಾಡಿಸಬೇಕು. ನಾಲ್ಕು ತಿಂಗಳಿಗೊಮ್ಮೆ ಪರೀಕ್ಷಿಸಿ ಮುದ್ರೆ ಹಾಕಿಸಬೇಕು. ಮನುಸ್ಮೃತಿಯಲ್ಲಿ ಈ ಪರೀಕ್ಷೆಯ ಅವಧಿಯು ಆರು ತಿಂಗಳು. ಇದಕ್ಕಿಂತಲೂ ನನಗೆ ಆಶ್ಚರ್ಯವನ್ನುಂಟುಮಾಡಿದುದು ದ್ರವಪದಾರ್ಥಗಳ ನಿಯಮವು. ಎಣ್ಣೆ ತುಪ್ಪಗಳನ್ನು ಅಳೆದು ಹೊಯ್ಯುವಾಗ ಅಳತೆಯ ಪಾತ್ರೆಗೆ ಸ್ವಲ್ಪ ಅಂಟಿಕೊಂಡು ಉಳಿಯುವುದಷ್ಟೆ. ಆ ನಷ್ಟವು ಯಾರದು? ಕೊಳ್ಳುವವನದಲ್ಲವೆಂದು ಕೌಟಿಲ್ಯನ ತೀರ್ಮಾನ. ದ್ರವಗಳಲ್ಲಿ ಐವತ್ತರಲ್ಲೊಂದು ಪಾಲನ್ನು ‘ಮಾನಸ್ರಾವ’ ಎಂಬ ಹೆಸರಿನಿಂದ ಮಾರುವವನು ಹೆಚ್ಚಾಗಿ ಕೊಡಬೇಕು. ಅಲ್ಲದೆ ಕಾಯಿಸಿದ ತುಪ್ಪಕ್ಕೆ ಮೂವತ್ತೆರಡರಲ್ಲೊಂದು ಪಾಲು, ಎಣ್ಣೆಗೆ ಅರವತ್ತನಾಲ್ಕರಲ್ಲೊಂದು ಪಾಲು ಪ್ರತ್ಯೇಕ. ಮಾನಸ್ರಾವವೆಂದರೆ ಅಳತೆಯಿಂದ ಸೋರಿದ ಹನಿ. ಈ ಪದವನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ. ಮುಂದೆ ಇದರಿಂದ ಕೆಲಸವಿದೆ.

ಹೀಗೆಂದಮಾತ್ರಕ್ಕೆ ಪೂರ್ವಕಾಲದ ವರ್ತಕರೆಲ್ಲರೂ ಸತ್ಯಸಂಧರಾಗಿದ್ದರೆಂದು ನಾನು ಹೇಳಲಾರೆನು. ಕೊಳ್ಳುವಾಗ ಒಂದು ತಕ್ಕಡಿ, ಮಾರುವಾಗ ಇನ್ನೊಂದು ತಕ್ಕಡಿ ಇಟ್ಟುಕೊಳ್ಳುವವರಿಗೂ, ಒಳಸಂಚು ಮಾಡಿಕೊಂಡು ಸರಕನ್ನು ತಡೆಹಿಡಿದು ಬೆಲೆಯೇರಿಸುವ ವರ್ತಕರಿಗೂ ಅರ್ಥಶಾಸ್ತ್ರವು ದಂಡವನ್ನು ವಿಧಿಸಿದೆ. ಎರಡನೆಯ ಅಪರಾಧಕ್ಕೆ ದಂಡವು ಸಾವಿರ ಪಣ. ಅಪರಾಧವಿಲ್ಲದ ಕಡೆಯಲ್ಲಿ ದಂಡವಿಧಾನಕ್ಕೆ ಅವಕಾಶವೆಲ್ಲಿ?

ಇನ್ನು ನಾನು ಅರಸುತ್ತಿದ್ದ ಉತ್ತರದ ವಿಷಯ. ಅದು ಅರ್ಥಶಾಸ್ತ್ರದಲ್ಲಲ್ಲ, ಯಾಜ್ಞವಲ್ಕ್ಯಸ್ಮೃತಿಯ ವ್ಯವಹಾರಾಧ್ಯಾಯದಲ್ಲಿ ದೊರೆಯಿತು. ಕೊಂಡ ಕೂಡಲೆ ಮಾರುವ ವರ್ತಕನು ಸ್ವದೇಶದ ಸರಕಿನ ಮೇಲೆ ನೂರಕ್ಕೆ ಐದರಂತೆಯೂ ಪರದೇಶದ ಸರಕಿನ ಮೇಲೆ ನೂರಕ್ಕೆ ಹತ್ತರಂತೆಯೂ ಲಾಭವನ್ನು ತೆಗೆದುಕೊಳ್ಳಬಹುದೆಂದು ಅಲ್ಲಿ ಹೇಳಿದೆ. ಇವೇ ಪ್ರಮಾಣಗಳು ಅರ್ಥಶಾಸ್ತ್ರದಲ್ಲಿಯೂ ಕಂಡುಬರುತ್ತವೆ. ಸ್ಮೃತಿಕಾರನು ಇಷ್ಟಕ್ಕೇ ನಿಲ್ಲದೆ, ಸರಕಿನ ನಿಮಿತ್ತವಾಗಿ ಉಂಟಾದ ವ್ಯಯವನ್ನೆಲ್ಲ ಸರಕಿನ ಮೂಲ್ಯದೊಡನೆ ಸೇರಿಸಿಯೇ ಬೆಲೆಯನ್ನು ನಿರ್ಣಯಿಸಬೇಕೆಂದೂ, ಆ ಬೆಲೆಯು ಕೊಳ್ಳುವವನಿಗೂ ಮಾರುವವನಿಗೂ ಸಮಾನವಾಗಿ ಅನುಕೂಲವಾಗಿರಬೇಕೆಂದೂ ಮುಂದಿನ ಶ್ಲೋಕದಲ್ಲಿ ವಿಧಿಸಿರುತ್ತಾನೆ.

ಈ ಶ್ಲೋಕಕ್ಕೆ ವ್ಯಾಖ್ಯಾನ ಬರೆದವನು ವಿಜ್ಞಾನೇಶ್ವರನು. ಇವನು ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ (೧೦೭೬–೧೧೨೬) ಆಳಿಕೆಯಲ್ಲಿ ಕಲ್ಯಾಣಪಟ್ಟಣದಲ್ಲಿದ್ದನು; ಅದೇ ಇಂದಿನ ಬೀದರ ಜಿಲ್ಲೆಯ ಬಸವಕಲ್ಯಾಣ. ಅವನ ಮಿತಾಕ್ಷರಾ ವ್ಯಾಖ್ಯಾನವನ್ನು ಜನರು ದಾಯಭಾಗದ ವ್ಯಾಜ್ಯಗಳಿಗಾಗಿ ಮಾತ್ರ ಸ್ಮರಿಸುವರು. ಆದರೆ ಈ ಸ್ಥಳದಲ್ಲಿ ಅವನು ವ್ಯಯವೆಂದರೇನೆಂಬುದನ್ನು ಬಿಡಿಸಿ ಎಣಿಸಿದ್ದಾನೆ. ದೇಶಾಂತರಕ್ಕೆ ಹೋಗಿಬರುವ ಖರ್ಚು, ಸರಕನ್ನು ಸಂಗ್ರಹಿಸುವ ಖರ್ಚು, ದಾರಿಯ ಸುಂಕ ಮೊದಲಾದ ಸ್ಥಾನಗಳಲ್ಲಿ ತೆತ್ತ ಹಣ—ಇವೆಲ್ಲವನ್ನೂ ಲೆಕ್ಕಹಾಕಿ, ಮೂಲ್ಯದೊಡನೆ ಕೂಡಿಸಿ, ನೂರಕ್ಕೆ ಹತ್ತು ಲಾಭ ಬರುವಂತೆ ಬೆಲೆಯನ್ನು ರಾಜನು ಸ್ಥಾಪಿಸಬೇಕೆಂದು ಅವನ ಮಾತಿನ ತಾತ್ಪರ್ಯ.

ಇದನ್ನು ಓದಿದಾಗ ನನ್ನ ಹಳೆಯ ಪ್ರಶ್ನೆಗೆ ಉತ್ತರವು ಕೈಗೆ ಸಿಕ್ಕಿತು. ವರ್ತಕನಿಗೆ ಖರ್ಚುಗಳುಂಟು, ಅವನ್ನು ಕೊಳ್ಳುವವನೇ ಕೊಡತಕ್ಕದ್ದು. ಇದರಲ್ಲಿ ವಿವಾದವಿಲ್ಲ. ಆದರೆ ಅವು ಬೆಲೆಯ *ಒಳಗೆ* ಇರಬೇಕು, ಬೆಲೆಯ *ಹಿಂದೆ* ಇರಕೂಡದು. ಖರ್ಚೆಲ್ಲವೂ ಸೇರಿದ ಒಂದು ಮೊತ್ತವನ್ನು ಮೊದಲೇ ಹೇಳಿದರೆ ಅದು ಬೆಲೆ. ಅದೇ ಖರ್ಚನ್ನು ಡಬ್ಬಿಗೆ ದಾರ ಕಟ್ಟಿದ ಮೇಲೆ ಹೇಳಿದರೆ, ಹಣವು ಅಷ್ಟೇ ಆದರೂ, ಅದು ಬಲಾತ್ಕಾರಕ್ಕೆ ಸಮೀಪವಾದ ವಸ್ತು. ಏಕೆಂದರೆ ಕೊಳ್ಳಬೇಕೆ ಬಿಡಬೇಕೆ ಎಂದು ಯೋಚಿಸುವ ಸ್ವಾತಂತ್ರ್ಯವು ಅಷ್ಟರಲ್ಲಿ ಅವನ ಕೈ ತಪ್ಪಿರುತ್ತದೆ. ನಾನು ಆ ದಿನ ಕಳೆದುಕೊಂಡುದು ಬಸ್ಸಿನ ಚಾರ್ಜು ಮಾತ್ರವಲ್ಲ.

ವಿಜ್ಞಾನೇಶ್ವರನ ಕಾಲದ ಶಿಲಾಶಾಸನಗಳನ್ನು ನೋಡಿದರೆ ಸುಂಕಗಳ ಬಾಹುಳ್ಯವು ತಿಳಿಯಬರುತ್ತದೆ. ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಮೊದಲಾದ ಹೆಸರುಗಳು ಚಾಲುಕ್ಯ ಹೊಯ್ಸಳ ಶಾಸನಗಳನ್ನು ಓದಿದವರಿಗೆ ಪರಿಚಿತವಾದುವು. ಹೆಜ್ಜುಂಕವೆಂದರೆ ಹಿರಿದಾದ ಸುಂಕ; ಅದರ ಜೊತೆಯಲ್ಲಿ ಬರುತ್ತಿದ್ದ ಸಣ್ಣಪುಟ್ಟ ಸುಂಕಗಳಿಗೆ ‘ಕಿರುಕುಳ’ವೆಂದು ಹೆಸರು. ಈಗ ಕಿರುಕುಳವೆಂದರೆ ಪೀಡೆ. ಅರ್ಥವು ಹೇಗೆ ತಿರುಗಿತೆಂಬ ನಿರ್ಣಯವನ್ನು ಶಬ್ದಶಾಸ್ತ್ರಜ್ಞರಿಗೆ ಬಿಡುತ್ತೇನೆ. ಗೃಹಸ್ಥನ ಅನುಭವದಲ್ಲಿ ಮಾತ್ರ ಎರಡಕ್ಕೂ ಭೇದವಿಲ್ಲ. ಅಯ್ಯಾವೊಳೆಯ ಐನೂರ್ವರೇ ಮೊದಲಾದ ವರ್ತಕಸಂಘಗಳು ದೇವಾಲಯಗಳಿಗೆ ಬಿಟ್ಟುಕೊಟ್ಟ ಆಯಗಳನ್ನು, ಹೇರಿಗೆ ಇಷ್ಟು, ಗಾಣಕ್ಕೆ ಇಷ್ಟು ಎಂದು, ಕಲ್ಲಿನಲ್ಲಿ ಕೆತ್ತಿಸಿರುವುದುಂಟು. ಅವು ದಾನದ ರಕ್ಷಣೆಗಾಗಿ ಕೆತ್ತಿಸಿದುವೇ ಹೊರತು ಕೊಳ್ಳುವವನಿಗಾಗಿ ಅಲ್ಲ. ಆದರೂ ಎಲ್ಲರೂ ಓಡಾಡುವ ಸ್ಥಳದಲ್ಲಿ ಕಲ್ಲಿಗೆ ಏರಿದ ದರವನ್ನು ಮರುದಿನ ಬದಲಾಯಿಸುವುದು ಕಷ್ಟವಷ್ಟೆ.

ಕಾಲಾಂತರದಲ್ಲಿ ಈ ಕಟ್ಟುಗಳು ಸಡಿಲಿದುವು. ನಮ್ಮ ಅಜ್ಜಂದಿರ ಕಾಲದ ಪೇಟೆಗಳಲ್ಲಿ ಅಳೆಯುವ ಸೇರು ಬೇರೆ, ತೂಗುವ ಸೇರು ಬೇರೆ. ಅದರಲ್ಲಿಯೂ ಕಚ್ಚಾ ಪಕ್ಕಾ ಎಂಬ ಭೇದ. ಒಂದು ಸೀಮೆಯ ಸೇರಿಗೂ ಇನ್ನೊಂದು ಸೀಮೆಯ ಸೇರಿಗೂ ಹೊಂದಿಕೆಯಿರಲಿಲ್ಲ. ಮಂಡಿಗೆ ಫಸಲನ್ನು ತಂದ ರೈತನ ಪಾಡು ಇನ್ನೂ ಕಷ್ಟ. ದಲ್ಲಾಳಿಯೂ ವ್ಯಾಪಾರಿಯೂ ಪಂಚೆಯ ಮರೆಯಲ್ಲಿ ಬೆರಳು ಹಿಡಿದು ಬೆಲೆಯನ್ನು ಗೊತ್ತುಮಾಡುತ್ತಿದ್ದರು. ಎದುರಿನಲ್ಲಿಯೇ ನಿಂತಿದ್ದ ಒಡೆಯನಿಗೆ ಅದು ತಿಳಿಯುತ್ತಿರಲಿಲ್ಲ. ಕೊನೆಯಲ್ಲಿ ಪಟ್ಟಿ ಕೈಗೆ ಬಂದಾಗ ದಲ್ಲಾಳಿ, ಹಮಾಲಿ, ತೂಗುವ ಕೂಲಿ, ಸೂಟು, ಧರ್ಮಾದಾಯ ಎಂದು ಕಳೆದು ಉಳಿದುದು ಅವನ ಪಾಲು. ಕೌಟಿಲ್ಯನ ಧ್ವಜಕ್ಕೂ ಈ ಪಂಚೆಯ ಮರೆಗೂ ಇರುವ ಅಂತರವೇ ಈ ಲೇಖನದ ಸಾರಾಂಶವೆಂದರೂ ಸಲ್ಲುವುದು. ಮಾರುಕಟ್ಟೆಗಳನ್ನು ಕಾನೂನಿನ ಕಟ್ಟಿಗೆ ತರುವ ಪ್ರಯತ್ನವು ಬೀರಾರಿನಲ್ಲಿ ೧೮೯೭ರಷ್ಟು ಹಿಂದೆಯೇ ಆರಂಭವಾಯಿತು. ಮೈಸೂರು ಸಂಸ್ಥಾನದಲ್ಲಿಯೂ, ಧಾರವಾಡ ಬಿಜಾಪುರ ಮೊದಲಾದ ಜಿಲ್ಲೆಗಳು ಸೇರಿದ್ದ ಮುಂಬಯಿ ಪ್ರಾಂತದಲ್ಲಿಯೂ ೧೯೩೯ರಲ್ಲಿ ಕೃಷ್ಯುತ್ಪನ್ನ ಮಾರುಕಟ್ಟೆಯ ಕಾಯಿದೆಗಳಾದುವು. ಏಕೀಕರಣದ ಬಳಿಕ ೧೯೬೬ರಲ್ಲಿ ರಾಜ್ಯಕ್ಕೆಲ್ಲ ಒಂದೇ ಕಾಯಿದೆ ಬಂದಿತು.

ತೂಕ ಅಳತೆಗಳ ಗೊಂದಲವು ೧೯೫೬ರ ಕಾಯಿದೆಯಿಂದ ತೀರಿತು. ೧೯೫೮ರ ಅಕ್ಟೋಬರಿನಲ್ಲಿ ಮೊದಲಾಗಿ, ಹಂತಹಂತವಾಗಿ ದೇಶದಲ್ಲೆಲ್ಲ ಕಿಲೋಗ್ರಾಂ ಲೀಟರುಗಳು ಬಂದುವು. ಹೀಗೆ ತೂಕದ ಮೋಸಕ್ಕೆ ಪರಿಹಾರವಾಯಿತು. ಬೆಲೆಯ ಮರೆ ಮಾತ್ರ ಉಳಿಯಿತು. ಪೊಟ್ಟಣ ಕಟ್ಟಿದ ಸರಕಿನ ಮೇಲೆ ತೂಕವನ್ನೂ ಬೆಲೆಯನ್ನೂ ಅಚ್ಚುಹಾಕಬೇಕೆಂದು ೧೯೭೭ರ ನಿಯಮಗಳು ವಿಧಿಸಿದುವು. ಆದರೆ ಬೆಲೆಯನ್ನು ಎರಡು ಬಗೆಯಲ್ಲಿ ಅಚ್ಚುಹಾಕುವ ಸ್ವಾತಂತ್ರ್ಯವು ತಯಾರಕರಿಗಿದ್ದಿತು: ಎಲ್ಲ ತೆರಿಗೆಗಳೂ ಸೇರಿದ ಬೆಲೆ ಎಂದಾದರೂ ಆಗಬಹುದು, ಸ್ಥಳೀಯ ತೆರಿಗೆಗಳು ಪ್ರತ್ಯೇಕ ಎಂದಾದರೂ ಆಗಬಹುದು. ಈ ಎರಡನೆಯ ಬಾಗಿಲಿನಿಂದಲೇ ನನ್ನ ಬಸ್ಸಿನ ಚಾರ್ಜು ಹೊರಟುಹೋದುದು. ನ್ಯಾಯವಾದ ತೆರಿಗೆಯ ಮೊತ್ತವೆಷ್ಟೆಂಬುದು ಕೊಳ್ಳುವವನಿಗೆ ತಿಳಿಯದಿದ್ದುದರಿಂದ, ಅಂಗಡಿಯವನು ಹೇಳಿದುದೇ ತೆರಿಗೆ. ೧೯೯೦ರಲ್ಲಿ ಈ ನಿಯಮವನ್ನು ತಿದ್ದಿ, ತೆರಿಗೆಗಳೆಲ್ಲವೂ ಸೇರಿದ ಗರಿಷ್ಠ ಮಾರಾಟಬೆಲೆಯನ್ನೇ ಅಚ್ಚುಹಾಕಬೇಕೆಂದು ಮಾಡಿದರು. ಎಂ.ಆರ್.ಪಿ. ಎಂದು ಮಕ್ಕಳೂ ಆಡುವ ಆ ಮೂರಕ್ಷರಗಳ ಪೂರ್ಣಾರ್ಥವು ಇದೇ. ಈಗ ಇದು ೨೦೦೯ರ ಕಾನೂನು ಮಾಪನ ಕಾಯಿದೆಯ ಅಡಿಯಲ್ಲಿ ೨೦೧೧ರಿಂದ ಜಾರಿಯಲ್ಲಿರುವ ನಿಯಮಗಳಲ್ಲಿ ಸೇರಿದೆ. ೨೦೧೭ರ ಜುಲೈ ಒಂದರಿಂದ ಸರಕು ಮತ್ತು ಸೇವಾ ತೆರಿಗೆ ಬಂದಾಗಲೂ ಈ ತತ್ತ್ವವು ಬದಲಾಗಲಿಲ್ಲ. ಅಚ್ಚಾದ ಬೆಲೆಯ ಮೇಲೆ ಮತ್ತೆ ತೆರಿಗೆಯನ್ನು ಕೇಳುವ ಅಧಿಕಾರವು ಯಾವ ಅಂಗಡಿಗೂ ಇಲ್ಲ. ೧೯೯೦ರ ತಿದ್ದುಪಡಿಯನ್ನು ಮಾಡಿದವರು ಮಿತಾಕ್ಷರೆಯನ್ನು ನೋಡಿರಬೇಕೆಂದು ನಾನು ಹೇಳುವುದಿಲ್ಲ. ನ್ಯಾಯವನ್ನು ಅರಸಿ ಹೊರಟವರು ಯಾವ ಕಾಲದಲ್ಲಾದರೂ ಅದೇ ಸ್ಥಳಕ್ಕೆ ಬಂದು ಸೇರುವರೆಂದು ಮಾತ್ರ ಹೇಳುತ್ತೇನೆ.

ಆದರೆ ಒಂದು ಬಾಗಿಲನ್ನು ಮುಚ್ಚಿದರೆ ಕಿಟಕಿ ತೆರೆಯುವುದು ವ್ಯಾಪಾರದ ಸ್ವಭಾವ. ಕಳೆದ ಮಾಗಿಯಲ್ಲಿ ನನ್ನ ಮೊಮ್ಮಗಳು ತನ್ನ ಅಜ್ಜಿಗೆಂದು ಮೊಬೈಲಿನಲ್ಲಿಯೇ ಉಣ್ಣೆಯ ಶಾಲೊಂದನ್ನು ಆರಿಸಿದಳು. ಚಿತ್ರದ ಕೆಳಗೆ ೫೯೯ ರೂಪಾಯಿ ಎಂದಿದ್ದಿತು. ಬಣ್ಣ ಆರಿಸಿ, ವಿಳಾಸ ಬರೆದು, ಹಣ ಕಳುಹಿಸುವ ಕಡೆಯ ಪುಟಕ್ಕೆ ಬಂದಾಗ ಸಾಗಣೆಗೆ ೭೯, ನಿರ್ವಹಣೆಗೆ ೨೦, ಯಾವುದೋ ದಾನಕ್ಕೆ ೧೦ ಸೇರಿ ಮೊತ್ತವು ೭೦೮ ಆಗಿದ್ದಿತು. ದಾನದ ಚೌಕದಲ್ಲಿ ನಾವು ಮುಟ್ಟುವುದಕ್ಕೆ ಮೊದಲೇ ಗುರುತು ಬಿದ್ದಿತ್ತು. “ಇಷ್ಟು ದೂರ ಬಂದಾಯಿತಲ್ಲ ತಾತ, ನೂರು ರೂಪಾಯಿಗೆ ಯಾಕೆ ಯೋಚನೆ” ಎಂದಳು ಮಗು. ಆ ಮಾತು ನನ್ನನ್ನು ಬೆಚ್ಚಿಸಿತು. ೧೯೮೬ರಲ್ಲಿ ದಾರ ಕಟ್ಟಿದ ಡಬ್ಬಿಯ ಮುಂದೆ ನಿಂತು ನಾನು ಮನಸ್ಸಿನಲ್ಲಿ ಅಂದುಕೊಂಡುದು ಅದನ್ನೇ. ಇಲ್ಲಿ ಹಿಂದೆ ಸಾಲು ನಿಂತವರಿಲ್ಲ, ನಾಚಿಕೆಗೆ ಕಾರಣವಿಲ್ಲ. ಆದರೂ ಅರ್ಧ ದಾರಿ ಬಂದವನು ಹಿಂದಿರುಗಲಾರನೆಂಬ ಅದೇ ಲೆಕ್ಕಾಚಾರ.

ಇಂತಹ ಕ್ರಮಕ್ಕೆ ಆಂಗ್ಲರು ಇಟ್ಟಿರುವ ಹೆಸರು ಹನಿಹನಿಯಾಗಿ ತೊಟ್ಟಿಕ್ಕುವ ಬೆಲೆ ಎಂಬ ಅರ್ಥದ್ದು. ಮಾನಸ್ರಾವವನ್ನು ವಾಚಕರು ಮರೆತಿರಲಾರರು. ಅಂದು ಅಳತೆಯಿಂದ ಸೋರಿದ ಹನಿಯು ಕೊಳ್ಳುವವನಿಗೆ ಸಲ್ಲುತ್ತಿತ್ತು. ಇಂದಿನ ಹನಿಯು ಕೊಳ್ಳುವವನ ಜೇಬಿನಿಂದ ತೊಟ್ಟಿಕ್ಕುತ್ತಿದೆ. ಸರ್ಕಾರವು ಇದನ್ನು ಕಾಣದೆ ಇಲ್ಲ. ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಅಡಿಯಲ್ಲಿ ೨೦೨೦ರಲ್ಲಿ ಹೊರಟ ನಿಯಮಗಳು, ಅಂತರ್ಜಾಲದ ಅಂಗಡಿಗಳಲ್ಲಿ ಸಾಗಣೆ, ಅಂಚೆ, ನಿರ್ವಹಣೆ, ತೆರಿಗೆ ಎಲ್ಲವೂ ಸೇರಿದ ಮೊತ್ತವನ್ನು ಒಂದೇ ಸಂಖ್ಯೆಯಲ್ಲಿ ತೋರಿಸಿ, ಅದರ ವಿವರವನ್ನೂ ಕೊಡಬೇಕೆಂದು ಹೇಳುತ್ತವೆ. ವಿಜ್ಞಾನೇಶ್ವರನ ಎಣಿಕೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. ಕೊಳ್ಳುವವನ ಒಪ್ಪಿಗೆಯ ಗುರುತನ್ನು ಮೊದಲೇ ಹಾಕಿಡುವುದನ್ನೂ ಆ ನಿಯಮಗಳು ನಿಷೇಧಿಸಿವೆ. ೨೦೨೨ರ ಜುಲೈಯಲ್ಲಿ, ಹೋಟೆಲುಗಳು ತಾವಾಗಿಯೇ ಸೇವಾಶುಲ್ಕವನ್ನು ಬಿಲ್ಲಿನಲ್ಲಿ ಸೇರಿಸಕೂಡದೆಂಬ ಮಾರ್ಗಸೂಚಿಯಾಯಿತು. ೨೦೨೫ರ ಮಾರ್ಚಿಯಲ್ಲಿ ದೆಹಲಿಯ ಉಚ್ಚನ್ಯಾಯಾಲಯವು ಅದನ್ನು ಎತ್ತಿಹಿಡಿಯಿತು. ೨೦೨೩ರ ನವೆಂಬರಿನಲ್ಲಿ ಹದಿಮೂರು ಬಗೆಯ ಕಪಟಗಳನ್ನು ಹೆಸರಿಸಿ ನಿಷೇಧಿಸಿದ ಮಾರ್ಗಸೂಚಿಯಲ್ಲಿ ಈ ಹನಿಬೆಲೆಯೂ, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದೂ ಬಂದಿವೆ.

ಕಾನೂನು ಎಷ್ಟಿದ್ದರೂ ಧ್ವಜದ ಬುಡದಲ್ಲಿ ನಿಂತು ಕೇಳುವವನು ಇಲ್ಲದಿದ್ದರೆ ಕೂಗಿದುದು ವ್ಯರ್ಥ. ಆದಕಾರಣ ಗೃಹಸ್ಥರು ರೂಢಿಸಿಕೊಳ್ಳಬೇಕಾದ ಅಭ್ಯಾಸವೆಂದರೆ ಒಂದೇ: ಬೆಲೆಯೆಷ್ಟೆಂದು ಕೇಳದೆ, ಎಲ್ಲ ಸೇರಿ ಎಷ್ಟೆಂದು ಕೇಳುವುದು. ಮನೆಗೆ ಮರದ ಸಾಮಾನು ಕೊಳ್ಳುವಾಗ ಸಾಗಿಸುವ ಕೂಲಿ, ಜೋಡಿಸುವ ಕೂಲಿ ಸೇರಿದೆಯೆ? ಒಡವೆ ಮಾಡಿಸುವಾಗ ಮಜೂರಿ, ಸವಕಳಿ, ತೆರಿಗೆ ಸೇರಿದೆಯೆ? ಕಂತಿನ ಮೇಲೆ ಕೊಳ್ಳುವಾಗ ಕಂತುಗಳೆಲ್ಲದರ ಮೊತ್ತವೆಷ್ಟು? ಪೊಟ್ಟಣದ ಮೇಲಿನ ಬೆಲೆಯು ಗರಿಷ್ಠಬೆಲೆಯೇ ಹೊರತು ಕೊಡಲೇಬೇಕಾದ ಬೆಲೆಯಲ್ಲವೆಂಬುದನ್ನೂ ಮರೆಯಕೂಡದು. ಅದನ್ನು ಮೊದಲು ಏರಿಸಿ ಅಚ್ಚುಹಾಕಿ ಆಮೇಲೆ ರಿಯಾಯಿತಿಯೆಂದು ಇಳಿಸುವವರೂ ಉಂಟು. ಮೊಬೈಲಿನಲ್ಲಿ ಕೊಳ್ಳುವವರು ಮೊದಲ ಪುಟದ ಬೆಲೆಯನ್ನು ಬೇರೆ ಅಂಗಡಿಯ ಬೆಲೆಯೊಡನೆ ಹೋಲಿಸದೆ ಕಡೆಯ ಪುಟದ ಮೊತ್ತವನ್ನು ಹೋಲಿಸತಕ್ಕದ್ದು. ಎಲ್ಲಕ್ಕಿಂತ ಮುಖ್ಯವಾಗಿ, ದಾರ ಕಟ್ಟಿದ ಮೇಲೆಯೂ ಬೇಡವೆನ್ನುವುದಕ್ಕೆ ಸಂಕೋಚಪಡಬಾರದು. ಮರೆಯ ವೆಚ್ಚವು ಬದುಕಿರುವುದು ನಮ್ಮ ಅಜ್ಞಾನದಿಂದ ಸ್ವಲ್ಪ, ಸಂಕೋಚದಿಂದ ಬಹಳ.

ಆ ಸಂಜೆ ಮೊಮ್ಮಗಳು ದಾನದ ಗುರುತನ್ನು ಅಳಿಸಿದಳು. ಬಳಿಕ ಕ್ಷಣಕಾಲ ಯೋಚಿಸಿ ಪುಟವನ್ನೇ ಮುಚ್ಚಿದಳು. ಮರುದಿನ ಇಬ್ಬರೂ ಪೇಟೆಗೆ ಹೋಗಿ ಶಾಲನ್ನು ಕೈಯಲ್ಲಿ ಮುಟ್ಟಿ ನೋಡಿ ಕೊಂಡು ಬಂದೆವು. ಎಲ್ಲ ಸೇರಿ ಎಷ್ಟಾಗುತ್ತದೆ ಎಂದು ಮೊದಲು ಕೇಳಿದವಳು ಅವಳೇ.

ಕೊನೆಯದಾಗಿ ಒಂದು ಕಾಕತಾಳೀಯವನ್ನು ಹೇಳಿ ಮುಗಿಸುತ್ತೇನೆ. ಇಂತಹ ವಿಷಯಗಳಲ್ಲಿ ಅನ್ಯಾಯವಾದವರು ದೂರು ಕೊಡುವುದಕ್ಕಾಗಿ ಕೇಂದ್ರಸರ್ಕಾರವು ಏರ್ಪಡಿಸಿರುವ ದೂರವಾಣಿಯ ಸಂಖ್ಯೆ ೧೯೧೫. ಶಾಮಶಾಸ್ತ್ರಿಗಳ ಅರ್ಥಶಾಸ್ತ್ರದ ಭಾಷಾಂತರವು ಹೊರಬಂದ ಇಸವಿಯೂ ಅದೇ. ವಾಚಕರಿಗೆ ಎರಡರಲ್ಲಿ ಒಂದು ನೆನಪಿದ್ದರೆ ಮತ್ತೊಂದೂ ನೆನಪಿರುವುದು.